ಲಂಡನ್ ಪ್ರವಾಸಕ್ಕೊಂದು ಲೆಕ್ಕದ ವಹಿ

ಬರುವ ಬೇಸಿಗೆ ರಜೆಯಲ್ಲಿ ಲಂಡನ್ ನೋಡಿ ಬರಬೇಕೆಂಬ ಮಾತು ಗುಂಡಗುರ್ತಿಯ ನಮ್ಮ ಮನೆಯಲ್ಲಿ ನಡೆದಿದೆ. ಹೋಗುವವರು ನಾಲ್ವರು: ನಾನು, ನಮ್ಮ ಮನೆಯಾಕೆ, ಏಳನೆಯ ತರಗತಿಯ ಮೊಮ್ಮಗಳು, ನಾಲ್ಕನೆಯ ತರಗತಿಯ ಮೊಮ್ಮಗ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಯಾವುದನ್ನೂ ವಹಿಯಲ್ಲಿ ಬರೆಯದೆ ಸಮಾಧಾನವಾಗದು. ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು, ವಿಷಯಕ್ಕೊಂದು ಪುಟದಂತೆ ಬರೆಯುತ್ತಾ ಬಂದಿದ್ದೇವೆ. ಅಜ್ಜ, ಅಜ್ಜಿ, ಮೊಮ್ಮಕ್ಕಳು ಕೂಡಿ ಇಂಥ ಯೋಜನೆ ಹಾಕುವ ಇತರರಿಗೂ ಉಪಯೋಗವಾಗಲಿ ಎಂದು ಅದರ ಕೆಲವು ಪುಟಗಳನ್ನು ಇಲ್ಲಿ ಕೊಡುತ್ತಿದ್ದೇನೆ.

ಲಂಡನ್ ಸುಮಾರು ಎರಡು ಸಾವಿರ ವರ್ಷ ಹಳೆಯ ಊರು. ರೋಮನ್ನರು ಥೇಮ್ಸ್ ನದಿಯ ದಂಡೆಯಲ್ಲಿ ಲಂಡಿನಿಯಮ್ ಎಂಬ ಹೆಸರಿನಿಂದ ಕಟ್ಟಿದ ಪಟ್ಟಣ ಅದು. ಅಂಥ ಊರನ್ನು ಎಂಟು ದಿನದಲ್ಲಿ ನೋಡುವುದೆಂದರೆ, ಏನೇನು ಬಿಡಬೇಕೆಂದು ಗೊತ್ತು ಮಾಡುವುದೇ ಅರ್ಧ ಕೆಲಸ.

ಕಾಗದ ಪತ್ರ

ಮೊದಲು ಪಾಸ್‌ಪೋರ್ಟ್. ಕಲಬುರಗಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ದೊಡ್ಡವರ ಪಾಸ್‌ಪೋರ್ಟ್ ಹತ್ತು ವರ್ಷ ನಡೆಯುತ್ತದೆ, ಸಣ್ಣ ಮಕ್ಕಳದು ಐದು ವರ್ಷ. ನಮ್ಮ ಕಡೆಯ ಹಿರಿಯರಿಗೆ ತೊಡಕಾಗುವುದು ಹೆಸರಿನಲ್ಲಿ. ರೇಶನ್ ಕಾರ್ಡಿನಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ, ಪಿಂಚಣಿ ಪುಸ್ತಕದಲ್ಲಿ ಮತ್ತೊಂದು ರೀತಿ ಇರುತ್ತದೆ. ಹುಟ್ಟಿದ ತಾರೀಖಿನದೂ ಅದೇ ಕಥೆ. ಇವನ್ನೆಲ್ಲ ಒಂದೇ ರೀತಿ ಮಾಡಿಸಿಕೊಂಡ ಮೇಲೆಯೇ ಅರ್ಜಿ ಹಾಕುವುದು ಒಳ್ಳೆಯದು.

ಆಮೇಲೆ ವೀಸಾ. ಪ್ಯಾರಿಸ್, ರೋಮ್ ಊರುಗಳಿಗೆ ಕೊಡುವ ಶೆಂಗೆನ್ ವೀಸಾ ಲಂಡನ್ನಿಗೆ ನಡೆಯುವುದಿಲ್ಲ. ಬ್ರಿಟನ್ನಿನದು ಬೇರೆಯೇ ವೀಸಾ. ಹೊರಡುವ ದಿನಕ್ಕೆ ಮೂರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು. ಬೆರಳಚ್ಚು, ಫೋಟೊ ಕೊಡಲು ನಮಗೆ ಹೈದರಾಬಾದ್ ಹತ್ತಿರ. ಮಕ್ಕಳು ತಂದೆ ತಾಯಿ ಇಲ್ಲದೆ ಅಜ್ಜ ಅಜ್ಜಿಯ ಜೊತೆ ಹೋಗುವುದಾದರೆ, ತಂದೆ ತಾಯಿಯ ಒಪ್ಪಿಗೆ ಪತ್ರ ಬೇಕು.

ಬ್ಯಾಂಕಿನ ಖಾತೆಯ ವಿವರವನ್ನೂ ಕೊಡಬೇಕು. ಅರ್ಜಿಯ ಹಿಂದಿನ ವಾರ ಯಾರಿಂದಲೋ ಕೈಗಡ ತಂದು ಖಾತೆ ತುಂಬಿಸಿದರೆ, ಆ ಹಣ ಎಲ್ಲಿಂದ ಬಂತೆಂಬ ಪ್ರಶ್ನೆ ಏಳುತ್ತದೆ. ತಿಂಗಳು ತಿಂಗಳು ಬಂದ ಪಿಂಚಣಿ, ಸ್ವಲ್ಪ ಸ್ವಲ್ಪವಾಗಿ ಬೆಳೆದ ಉಳಿತಾಯ, ಇವು ಸಣ್ಣ ಮೊತ್ತವಾದರೂ ನಂಬಿಕೆ ಹುಟ್ಟಿಸುತ್ತವೆ.

ಹಣ

ಒಂದು ಪೌಂಡಿಗೆ ನೂರು ರೂಪಾಯಿಗೂ ಮೇಲೆ. ಅಲ್ಲಿ ಒಂದು ಚಹಾದ ಬೆಲೆಯನ್ನು ರೂಪಾಯಿಗೆ ತಿರುಗಿಸಿದರೆ ಗಂಟಲಲ್ಲಿ ಇಳಿಯಲಿಕ್ಕಿಲ್ಲ. ಆದ್ದರಿಂದ ದಿನಕ್ಕೆ ಇಷ್ಟು ಪೌಂಡ್ ಎಂದು ಇಲ್ಲೇ ಗೊತ್ತು ಮಾಡಿ, ಅಲ್ಲಿ ಪೌಂಡಿನಲ್ಲೇ ಲೆಕ್ಕ ಇಡುವುದು ನಮ್ಮ ಉಪಾಯ. ದಿನದ ಲೆಕ್ಕ ಬರೆಯುವ ಕೆಲಸ ಮೊಮ್ಮಗಳದು.

ಈಗ ಒಂದು ಪೌಂಡಿಗೆ 100 ಪೆನ್ಸ್. 1971ರ ಫೆಬ್ರವರಿಯವರೆಗೆ 12 ಪೆನ್ಸಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗಿಗೆ ಒಂದು ಪೌಂಡ್. ಎಂದರೆ ಪೌಂಡಿಗೆ 240 ಪೆನ್ಸ್! ಮೊಮ್ಮಗ ನಕ್ಕ. ನಮ್ಮಲ್ಲಿಯೂ 1957ರವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಇದ್ದವು ಎಂದಾಗ ಸುಮ್ಮನಾದ. ನಿಜಾಮನ ಕಾಲದಲ್ಲಿ ನಮ್ಮ ಊರುಗಳಲ್ಲಿ ನಡೆಯುತ್ತಿದ್ದುದು ಹಾಲಿ ಸಿಕ್ಕಾ ನಾಣ್ಯ. ಸೊಲ್ಲಾಪುರದ ಪೇಟೆಗೆ ಹೋದರೆ ಅಲ್ಲಿ ಬೇಕಾದದ್ದು ಬ್ರಿಟಿಷರ ಕಲದಾರ್ ರೂಪಾಯಿ. ಹಣ ಬದಲಾಯಿಸಿಕೊಂಡು ಪ್ರವಾಸ ಹೋಗುವುದು ನಮ್ಮ ಹಿರಿಯರಿಗೆ ಹೊಸದೇನಲ್ಲ.

ಗಡಿಯಾರ

ನಮ್ಮ ದೇಶದ ಗಡಿಯಾರ ಗ್ರೀನಿಚ್ ಗಡಿಯಾರಕ್ಕಿಂತ ಐದೂವರೆ ಗಂಟೆ ಮುಂದೆ. ಆದರೆ ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಅವರು ತಮ್ಮ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತಾರೆ. ಆಗ ವ್ಯತ್ಯಾಸ ನಾಲ್ಕೂವರೆ ಗಂಟೆ ಮಾತ್ರ.

ಮಕ್ಕಳೇ, ನಿಮಗೊಂದು ಲೆಕ್ಕ. ಕಲಬುರಗಿ ಸುಮಾರು 77 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ. 77ನ್ನು 4ರಿಂದ ಗುಣಿಸಿದರೆ 308 ನಿಮಿಷ, ಅಂದರೆ 5 ಗಂಟೆ 8 ನಿಮಿಷ. ಉಳಿದ 22 ನಿಮಿಷ ಎಲ್ಲಿ ಹೋಯಿತು? ನಮ್ಮ ದೇಶದ ಸಮಯವನ್ನು 82½ ಡಿಗ್ರಿ ರೇಖೆಗೆ ಲೆಕ್ಕ ಹಾಕಿದ್ದಾರೆ. ಅದಕ್ಕೇ ನಮ್ಮ ಊರ ಸೂರ್ಯ ಗಡಿಯಾರಕ್ಕಿಂತ ಸುಮಾರು 22 ನಿಮಿಷ ಹಿಂದೆ! ಸೊನ್ನೆ ಡಿಗ್ರಿಯ ಗೆರೆಯನ್ನು ಗ್ರೀನಿಚ್‌ನ ಗುಡ್ಡದ ಮೇಲೆ ನೆಲದಲ್ಲೇ ಗುರುತು ಮಾಡಿದ್ದಾರೆ. ಒಂದು ಕಾಲು ಪೂರ್ವದಲ್ಲಿ, ಇನ್ನೊಂದು ಪಶ್ಚಿಮದಲ್ಲಿ ಇಟ್ಟು ನಿಲ್ಲುವುದು ಮೊಮ್ಮಗನ ಪುಟದ ಮೊದಲ ಸಾಲು.

ಮೇ ಕೊನೆಯಲ್ಲಿ ಅಲ್ಲಿ ರಾತ್ರಿ ಒಂಬತ್ತರವರೆಗೆ ಬೆಳಕಿರುತ್ತದೆ. ಹಾಗೆಂದು ಮಕ್ಕಳನ್ನು ಒಂಬತ್ತರವರೆಗೆ ತಿರುಗಿಸಬಾರದು.

ಮೊಣಕಾಲಿನ ಲೆಕ್ಕ

ನಮ್ಮ ಮನೆಯಾಕೆಯ ಮಾತು ಮೊದಲಿಗೆ ಬೇರೆಯೇ ಇತ್ತು. "ನನ್ನ ಮೊಣಕಾಲು ಏಳಂಗಿಲ್ಲ, ಅಲ್ಲಿ ಮಂದಿ ಮಾತು ತಿಳಿಯಂಗಿಲ್ಲ. ಹುಡುಗರನ್ನ ಕರಕೊಂಡು ನೀವೇ ಹೋಗಿ ಬರ್ರಿ" ಎಂದಳು. "ಆಯಿ ಬರದಿದ್ರ ನಾನೂ ಒಲ್ಲೆ ಮುತ್ಯಾ" ಎಂದು ಮೊಮ್ಮಗಳು ಹಟ ಹಿಡಿದಳು. ನನಗೂ ಹಾಗೇ ಅನಿಸಿತು. ಎಪ್ಪತ್ತು ದಾಟಿದ ಮೇಲೆ ಇಂಥ ಪ್ರವಾಸ ಎರಡನೆಯ ಸಲ ಬರುವುದು ಕಷ್ಟ. ಆದ್ದರಿಂದ ಓಡಾಟದ ಪುಟವನ್ನೆಲ್ಲ ಆಕೆಯ ಮೊಣಕಾಲಿಗೆ ಹೊಂದಿಸಿ ಬರೆದೆವು.

ಲಂಡನ್ನಿನ ನೆಲದಡಿಯ ರೈಲು 1863ರ ಜನವರಿಯಲ್ಲಿ ಶುರುವಾಯಿತು, ಜಗತ್ತಿನಲ್ಲೇ ಮೊದಲನೆಯದು. ನಮ್ಮ ವಾಡಿ–ಸಿಕಂದರಾಬಾದ್ ರೈಲು ದಾರಿ ತೆರೆದದ್ದು 1874ರಲ್ಲಿ. ಅಷ್ಟು ಹಳೆಯದಾದ್ದರಿಂದಲೇ ಎಷ್ಟೋ ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲ, ಮೆಟ್ಟಿಲು ಬಹಳ. ಕೆಂಪು ಬಸ್ಸುಗಳ ನೆಲ ತಗ್ಗಾಗಿದೆ, ಹತ್ತುವುದು ಸುಲಭ. ಆದ್ದರಿಂದ ನಮ್ಮ ಓಡಾಟ ಬಸ್ಸಿನಲ್ಲೇ. ಆಯಿ ಕೆಳಗೆ ಕೂತರೆ, ಮಕ್ಕಳು ಮೇಲಿನ ಅಂತಸ್ತಿನಲ್ಲಿ. ಹನ್ನೊಂದು ವರ್ಷ ತುಂಬದ ಮಕ್ಕಳಿಗೆ ಪುಕ್ಕಟೆ. ದಿನಕ್ಕೆ ಒಂದೇ ದೊಡ್ಡ ಜಾಗ, ಮಧ್ಯಾಹ್ನ ವಿಶ್ರಾಂತಿ. ರಕ್ತದೊತ್ತಡದ ಗುಳಿಗೆಗಳನ್ನು ಅಂಗಡಿಯ ಪ್ಯಾಕೆಟ್ಟಿನಲ್ಲೇ, ಡಾಕ್ಟರ ಚೀಟಿಯ ಸಮೇತ, ಕೈಚೀಲದಲ್ಲಿ ಇಡಬೇಕು.

ಊಟದ ಚಿಂತೆಯೂ ಆಕೆಯದೇ. ಹಾಲಿನ ಪದಾರ್ಥ, ಮಾಂಸ ಇವನ್ನು ನಮ್ಮ ದೇಶದಿಂದ ಬ್ರಿಟನ್ನಿಗೆ ಒಯ್ಯುವಂತಿಲ್ಲ. ಪೇಢೆ, ತುಪ್ಪ ಮನೆಯಲ್ಲೇ ಇರಲಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ಎಂಟು ದಿನಕ್ಕೆ ಭಯವಿಲ್ಲ.

ಆಕೆಯ ಮನಸ್ಸು ತಿರುಗಿಸಿದ್ದು ಮಾತ್ರ ಬಸ್ಸೂ ಅಲ್ಲ, ರೊಟ್ಟಿಯೂ ಅಲ್ಲ. ಥೇಮ್ಸ್ ದಂಡೆಯಲ್ಲಿ, ಬ್ರಿಟಿಷ್ ಪಾರ್ಲಿಮೆಂಟಿನ ಎದುರು ದಂಡೆಯ ಲ್ಯಾಂಬೆತ್‌ನಲ್ಲಿ, ಬಸವಣ್ಣನವರ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅದನ್ನು ಅನಾವರಣ ಮಾಡಿದರು. ಅದಕ್ಕಾಗಿ ದುಡಿದವರು ಲ್ಯಾಂಬೆತ್‌ನ ಮಾಜಿ ಮೇಯರ್ ಡಾ. ನೀರಜ್ ಪಾಟೀಲ್, ನಮ್ಮ ಕಲಬುರಗಿ ಜಿಲ್ಲೆಯವರು. ಇದನ್ನು ಮೊಮ್ಮಗಳು ಓದಿ ಹೇಳಿದಾಗ ಆಕೆ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿಗೆ ಬಸ್ಸು ಹೋಗ್ತದೇನು?" ಹೋಗುತ್ತದೆ. ಮೊದಲ ದಿನ ಅಲ್ಲಿಗೇ.

ನೋಡುವುದು

ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಟಿಪ್ಪು ಸುಲ್ತಾನನ ಮರದ ಹುಲಿ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಆಂಗ್ಲರು ಒಯ್ದದ್ದು. ಹುಲಿಯ ಕೆಳಗೆ ಒಬ್ಬ ಬಿಳಿಯ ಸಿಪಾಯಿ ಬಿದ್ದಿದ್ದಾನೆ. ಹಿಡಿಕೆ ತಿರುಗಿಸಿದರೆ ಹುಲಿ ಗುರುಗುಟ್ಟುವಂತೆ, ಸಿಪಾಯಿ ನರಳುವಂತೆ ಒಳಗೆ ಯಂತ್ರ ಜೋಡಿಸಿದ್ದಾರೆ.

1753ರಲ್ಲಿ ಸ್ಥಾಪನೆಯಾದ ಬ್ರಿಟಿಷ್ ಮ್ಯೂಸಿಯಂನಲ್ಲಿ ಅಮರಾವತಿ ಸ್ತೂಪದ ಕೆತ್ತನೆಯ ಕಲ್ಲುಗಳಿವೆ. ಅವುಗಳಲ್ಲಿ ಬಹಳಷ್ಟನ್ನು 1845ರಲ್ಲಿ ಅಗೆಸಿ ತೆಗೆದವನು ವಾಲ್ಟರ್ ಎಲಿಯಟ್. ಇವನು ಯಾರು ಗೊತ್ತೇ? 1824ರಲ್ಲಿ ಕಿತ್ತೂರಿನ ರಾಣಿ ಚೆನ್ನಮ್ಮ ಸೆರೆ ಹಿಡಿದಿಟ್ಟಿದ್ದ ಆಂಗ್ಲ ಅಧಿಕಾರಿಗಳಲ್ಲಿ ಒಬ್ಬ! ಬಿಡುಗಡೆಯಾದ ಮೇಲೆ ಇದೇ ಕನ್ನಡ ನಾಡಿನಲ್ಲಿ ತಿರುಗಿ ನೂರಾರು ಶಾಸನಗಳ ಪ್ರತಿ ಮಾಡಿಸಿದ.

ಈ ಎರಡೂ ಮ್ಯೂಸಿಯಂಗಳ ಸಾಮಾನ್ಯ ಪ್ರವೇಶಕ್ಕೆ ಹಣವಿಲ್ಲ. ಕೊಹಿನೂರ್ ವಜ್ರ ಇರುವ ಲಂಡನ್ ಗೋಪುರದ ಕೋಟೆಗೆ ಟಿಕೆಟ್ ಇದೆ. ಅದನ್ನು ಒಂದು ದಿನದ ಲೆಕ್ಕಕ್ಕೆ ಹಿಡಿದಿದ್ದೇವೆ.

ನಮ್ಮ ವಸ್ತುಗಳು ಅಲ್ಲೇಕಿವೆ ಎಂದು ಮಕ್ಕಳು ಕೇಳುತ್ತಾರೆ, ಕೇಳಲೇಬೇಕು. ಯುದ್ಧದಲ್ಲಿ ಗೆದ್ದು ಒಯ್ದದ್ದು ಯಾವುದು, ಅಧಿಕಾರದ ಬಲದಿಂದ ಸಾಗಿಸಿದ್ದು ಯಾವುದು ಎಂದು ಬಿಡಿಸಿ ಹೇಳುವ ಜವಾಬ್ದಾರಿ ಅಜ್ಜ ಅಜ್ಜಿಯರದು.

ಅದಕ್ಕೂ ಮೊದಲು

ವಹಿಯಲ್ಲಿ ಒಂದು ಕರಾರು ಬರೆದಿದ್ದೇವೆ. ಪರದೇಶದ ರಾಜಧಾನಿ ನೋಡುವ ಮೊದಲು, ನಮ್ಮ ನೆರೆಯ ರಾಜಧಾನಿ ನೋಡಬೇಕು. ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗ ಅಲ್ಲಿಂದ ಆಳಿದ. ಕವಿರಾಜಮಾರ್ಗ ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಲಂಡನ್ನಿನ ಗೋಪುರವನ್ನು ವಿಲಿಯಂ ದೊರೆ ಕಟ್ಟಿಸಲು ಆರಂಭಿಸುವುದಕ್ಕೆ ಇನ್ನೂರು ವರ್ಷ ಮೊದಲೇ ಅರಬ್ ವರ್ತಕರು ಇಲ್ಲಿಯ ಅರಸನನ್ನು ಜಗತ್ತಿನ ನಾಲ್ವರು ದೊಡ್ಡ ದೊರೆಗಳಲ್ಲಿ ಒಬ್ಬನೆಂದು ಎಣಿಸಿದ್ದರು. ಇಂದು ಕಾಗಿಣಾ ದಂಡೆಯಲ್ಲಿ ಕೋಟೆಯ ಗೋಡೆ, ಹಳೆಯ ಬಸದಿ ಉಳಿದಿವೆ.

ಎರಡನೆಯದು ಭೀಮಾ ದಂಡೆಯ ಸನ್ನತಿ, ಕನಗನಹಳ್ಳಿ. ಅಲ್ಲಿಯ ಸ್ತೂಪದ ಒಂದು ಕಲ್ಲಿನಲ್ಲಿ ಅಶೋಕನ ಚಿತ್ರವಿದೆ, ಬ್ರಾಹ್ಮಿ ಲಿಪಿಯಲ್ಲಿ ಅವನ ಹೆಸರೂ ಇದೆ. ಅಲ್ಲಿಯದೂ ಅಮರಾವತಿಯದೂ ಒಂದೇ ಬಳಗದ ಶಿಲ್ಪ, ಸುಣ್ಣದ ಕಲ್ಲಿನ ಕೆತ್ತನೆ. ನಮ್ಮ ಮನೆಯಲ್ಲಿ ಹಾಸಿದ ಶಹಾಬಾದ್ ಕಲ್ಲೂ ಸುಣ್ಣದ ಕಲ್ಲೇ. ಮಳಖೇಡದ ಕಾಗಿಣಾ ಭೀಮೆಯನ್ನು ಸೇರುತ್ತದೆ, ಭೀಮೆ ಕೃಷ್ಣೆಯನ್ನು ಸೇರುತ್ತದೆ, ಕೃಷ್ಣೆ ಅಮರಾವತಿಯ ಮುಂದೆ ಹರಿಯುತ್ತದೆ. ಕನಗನಹಳ್ಳಿ ನೋಡಿದ ಮಗು ಲಂಡನ್ನಿನ ಆ ಕೋಣೆಗೆ ಹೋದರೆ ಪರಿಚಯದವರ ಮನೆಗೆ ಹೋದಂತೆ. ನೋಡದ ಮಗುವಿಗೆ ಅವು ಬರೀ ಕಲ್ಲು.

ಮಳಖೇಡಕ್ಕೆ ಪಾಸ್‌ಪೋರ್ಟ್ ಬೇಡ, ವೀಸಾ ಬೇಡ. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಬುತ್ತಿ ಕಟ್ಟಿಕೊಂಡು ಹೊರಡುವುದೆಂದು ಮೊಮ್ಮಗಳು ವಹಿಯಲ್ಲಿ ತಾರೀಖು ಹಾಕಿದ್ದಾಳೆ. ಖರ್ಚಿನ ಕಾಲಂ ಇನ್ನೂ ಖಾಲಿ ಇದೆ.