ನೆನೆದ ಚರ್ಮದ ಸೀಟಿಗೆ ಬಿಸಿಲು ಮದ್ದಲ್ಲ

ಚೆನ್ನೈಯಲ್ಲಿ ಹುಟ್ಟಿ ಬೆಳೆದ ನಮ್ಮ ಯುವ ಮಿತ್ರರಿಗೆ ಮಳೆನೀರಿನಲ್ಲಿ ನಿಂತ ಕಾರು ಹೊಸ ನೋಟವೇನಲ್ಲ. 2015ರ ಡಿಸೆಂಬರಿನಲ್ಲಿ ಅಡ್ಯಾರ್ ನದಿ ಉಕ್ಕಿ ಹರಿದಾಗಲೂ, 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗಲೂ ಅದನ್ನು ಕಂಡಿದ್ದೇವೆ. ನೀರು ಇಳಿದ ಮೇಲೆ ನಾಲ್ಕೂ ಬಾಗಿಲು ತೆರೆದು ಕಾರನ್ನು ಬಿಸಿಲಿಗೆ ನಿಲ್ಲಿಸುವುದು ಎಲ್ಲರ ರೂಢಿ. ಬಟ್ಟೆಯ ಸೀಟಿಗೆ ಅದು ಸರಿ. ಚರ್ಮದ ಸೀಟನ್ನು ಮಾತ್ರ ನೀರಿಗಿಂತ ಆ ಬಿಸಿಲೇ ಹೆಚ್ಚು ಕೆಡಿಸುತ್ತದೆ.

ಹಸಿ ತೊಗಲನ್ನು ಬಾಳಿಕೆಯ ಚರ್ಮವಾಗಿಸುವುದಕ್ಕೆ ಕನ್ನಡದಲ್ಲಿ ‘ಹದ ಮಾಡುವುದು’ ಎನ್ನುತ್ತೇವೆ. ಬೆಲ್ಲದ ಪಾಕಕ್ಕೂ ಹದ, ಹೊಲಕ್ಕೂ ಹದ. ನೀವು ಶಾಲೆಯಲ್ಲಿ ಕಲಿತ ತಮಿಳಿನಲ್ಲಿ ಇದೇ ಮಾತು ‘ಪದಂ’. ಚರ್ಮ ಹದ ಮಾಡುವುದು ಅಲ್ಲಿ ‘ತೋಲ್ ಪದನಿಡುದಲ್’. ಈ ವಿದ್ಯೆಯನ್ನೇ ಅಭ್ಯಸಿಸಲು 1948ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇರುವುದೂ ನಮ್ಮ ಅಡ್ಯಾರಿನಲ್ಲಿಯೇ.

ಕಾರಿನ ಸೀಟಿನ ಚರ್ಮವನ್ನು ಹೆಚ್ಚಾಗಿ ಕ್ರೋಮಿಯಂ ಲವಣದಿಂದ ಹದ ಮಾಡಿರುತ್ತಾರೆ. ಆಮೇಲೆ ಅದರ ನಾರುಗಳ ನಡುವೆ ಎಣ್ಣೆ ಸೇರಿಸುತ್ತಾರೆ. ಚರ್ಮ ಮೆತ್ತಗಿರುವುದು ಈ ಎಣ್ಣೆಯಿಂದ. ನೆನೆದ ಚರ್ಮ ಅವಸರದಲ್ಲಿ ಒಣಗಿದರೆ ನಾರುಗಳು ಒಂದಕ್ಕೊಂದು ಅಂಟಿ, ಚರ್ಮ ಕುಗ್ಗಿ, ಹಪ್ಪಳದಂತೆ ಬಿರುಸಾಗುತ್ತದೆ. ಹೊಲಿಗೆ ಬಾಯಿ ಬಿಡುತ್ತದೆ. ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಯೂ ಬೇಡ.

ಹಾಗಾದರೆ ಮಾಡುವುದೇನು? ಮೊದಲು ಕೀಲಿ ತಿರುಗಿಸಬೇಡಿ. ಸೀಟಿನ ಕೆಳಗೆ ಏರ್‌ಬ್ಯಾಗಿನ ತಂತಿಗಳಿರಬಹುದು. ಮೆಕ್ಯಾನಿಕ್ ಬಂದು ಬ್ಯಾಟರಿ ಬಿಡಿಸಿದ ನಂತರವೇ ಸೀಟಿಗೆ ಕೈ ಹಚ್ಚಬೇಕು. ವಿಮೆ ಇದ್ದರೆ ಒರೆಸುವ ಮುನ್ನವೇ ಫೋಟೋ ತೆಗೆದಿಡಿ. ಕೆಸರು ಒಣಗುವ ಮೊದಲು ಒದ್ದೆ ಬಟ್ಟೆಯಿಂದ ಮೆಲ್ಲಗೆ ತೆಗೆಯಿರಿ. ಒಣಗಿದ ಮಣ್ಣನ್ನು ಉಜ್ಜಿದರೆ ಮೇಲಿನ ಬಣ್ಣ ಗೀರುತ್ತದೆ. ಆಮೇಲೆ ಒಣ ಟವೆಲ್ ಒತ್ತಿ ನೀರು ಹೀರಿಸಬೇಕು.

ನಿಜವಾದ ಕಳ್ಳ ಇರುವುದು ಒಳಗೆ. ಚರ್ಮ ಮೇಲೆ ಒಣಗಿದಂತೆ ಕಂಡರೂ ಅಡಿಯ ಸ್ಪಂಜು ನೀರು ಕುಡಿದು ಕೂತಿರುತ್ತದೆ. ಚೆನ್ನೈಯ ಈ ಸೆಕೆಯಲ್ಲಿ ಒಂದೆರಡು ದಿನದಲ್ಲೇ ಬೂಷ್ಟು ಹಿಡಿಯಲು ಶುರು. ಆದ್ದರಿಂದ ಸೀಟನ್ನು ಬಿಚ್ಚಿಸಿ, ನೆರಳಿನಲ್ಲಿಟ್ಟು, ಫ್ಯಾನಿನ ಗಾಳಿಗೆ ಹಲವು ದಿನ ಬಿಡಿ. ಚರಂಡಿ ನೀರು ಹೊಕ್ಕಿದ್ದರೆ ಮಾತ್ರ ಜಿಪುಣತನ ಬೇಡ: ಸ್ಪಂಜು ಎಸೆದು ಹೊಸದು ಹಾಕಿಸಿ. ಚರ್ಮದ ಹೊದಿಕೆ ಚೆನ್ನಾಗಿದ್ದರೆ ಅದನ್ನೇ ತೊಳೆದು ಮತ್ತೆ ಹೊದಿಸಬಹುದು.

ಒಣಗಿದ ಮೇಲೆ ಕಾರಿನ ಚರ್ಮಕ್ಕೆಂದೇ ಮಾರುವ ಕಂಡೀಷನರನ್ನು ತೆಳ್ಳಗೆ ಸವರಿದರೆ ಸಾಕು. ಅಜ್ಜಿ ಕೊಟ್ಟ ಕೊಬ್ಬರಿ ಎಣ್ಣೆ ತಲೆಗೇ ಇರಲಿ. ಕಾರಿನ ಚರ್ಮದ ಮೇಲೆ ಬಣ್ಣದ ಲೇಪವಿರುವುದರಿಂದ ಎಣ್ಣೆ ಒಳಗಿಳಿಯದೆ ಜಿಡ್ಡಾಗಿ ಧೂಳು ಹಿಡಿಯುತ್ತದೆ.

ಇಷ್ಟೆಲ್ಲಾ ಮಾಡುವ ಮೊದಲು ಅದು ಚರ್ಮವೇ ಎಂದು ನೋಡಿಕೊಳ್ಳಿ! ನಮ್ಮಲ್ಲಿ ಚರ್ಮವೆಂದು ಹೆಮ್ಮೆಯಿಂದ ತೋರಿಸುವ ಎಷ್ಟೋ ಸೀಟುಗಳು ರೆಕ್ಸಿನ್. ಹೊದಿಕೆಯ ಅಂಚನ್ನು ಹಿಂದೆ ಮಗುಚಿದರೆ ಚರ್ಮದಲ್ಲಿ ನಾರು ನಾರಾಗಿ ಕಾಣುತ್ತದೆ, ರೆಕ್ಸಿನ್‌ನಲ್ಲಿ ಬಟ್ಟೆಯ ನೇಯ್ಗೆ.

ಮೊದಲ ಸಂಬಳದಲ್ಲಿ ಹಳೆಯ ಕಾರು ಕೊಳ್ಳಹೊರಟವರಿಗೆ ಇನ್ನೊಂದು ಮಾತು. ಸೀಟು ಎಷ್ಟೇ ಮಿರುಗಲಿ, ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಕೆಸರಿನ ಗೆರೆ ಹೆಚ್ಚಾಗಿ ಅಲ್ಲಿ ಉಳಿದಿರುತ್ತದೆ. ಸೀಟು ಜಾರುವ ಕಂಬಿಗೆ ತುಕ್ಕು ಹಿಡಿದಿದೆಯೇ ಎಂದೂ ಬಗ್ಗಿ ನೋಡಿ, ಬೆಲೆ ಮಾತಾಡುವುದು ಆಮೇಲೆ.