ಛತ್ರ ನೋಡೋಕೆ ಊಟದ ಹೊತ್ತಿಗೇ ಹೋಗಿ
ಖಾಲಿ ಇರುವಾಗ ಎಲ್ಲ ಛತ್ರಗಳೂ ಚೆಂದವೇ. ಅದಕ್ಕೇ ಅಕ್ಕ ಮತ್ತು ಭಾವ ಆಗುವವರು ಬೇರೆಯವರ ಮದುವೆ ನಡೆಯುತ್ತಿದ್ದಾಗಲೇ, ಅದೂ ಊಟದ ಹೊತ್ತಿಗೆ, ಛತ್ರ ನೋಡಲು ಹೊರಟರು. ಬಾಲದಂತೆ ಬಿ.ಇ. ಓದುವ ನಾನು.

ಅಪ್ಪ ಮೆಚ್ಚಿದ್ದ ಛತ್ರದಲ್ಲಿ ಸಭಾಂಗಣಕ್ಕೆ 1,000 ಕುರ್ಚಿ, ಊಟಕ್ಕೆ ಒಮ್ಮೆಗೆ 200 ಎಲೆ. ಅಂದರೆ ಐದು ಪಂಕ್ತಿ. ಪಂಕ್ತಿಗೆ ಮುಕ್ಕಾಲು ಗಂಟೆಯಾದರೆ, 12.30ಕ್ಕೆ ಶುರುವಾದರೂ ಕೊನೆಯವರು ಕೂರುವುದು 3.30ಕ್ಕೆ! ನಾನು ಕಲಿತ ಗಣಿತ ಇಷ್ಟಕ್ಕಾದರೂ ಬಂತಲ್ಲ. ಬಾಡಿಗೆಯ ಮೇಲೆ ಶೇ 18 ಜಿಎಸ್‌ಟಿ, ಕರೆಂಟಿಗೆ ಮೀಟರ್ ಲೆಕ್ಕ, ಸ್ವಚ್ಛತೆಗೆ ಬೇರೆ ದುಡ್ಡು. ಇವನ್ನೆಲ್ಲ ಕೇಳಿದರಷ್ಟೇ ಹೇಳುತ್ತಾರೆ.

ಊಟದ ಹಾಲ್ ಇದ್ದದ್ದು ನೆಲಮಾಳಿಗೆಯಲ್ಲಿ. ಲಿಫ್ಟ್ ಇಲ್ಲ. ನಮ್ಮಜ್ಜಿಗೆ ಮಂಡಿನೋವು. ‘ಅಜ್ಜಿಗೆ ಮೇಲೆಯೇ ತಟ್ಟೆ ತಂದುಕೊಡ್ತೀವಿ’ ಎಂದರು ಛತ್ರದವರು. ‘ಮೊಮ್ಮಗಳ ಮದುವೇಲಿ ಅಜ್ಜಿ ಒಬ್ಬಳೇ ಉಣ್ಣಬೇಕಾ?’ ಅಂದಳು ಅಕ್ಕ. ಭಾವ ಆಗಲೇ ಬೈಕಿನ ಕೀ ತೆಗೆದಿದ್ದರು.

ಕೊನೆಗೆ ಒಪ್ಪಿಗೆಯಾಗಿದ್ದು ನಮ್ಮೂರ ಸಮುದಾಯ ಭವನ. ಎಲ್ಲವೂ ನೆಲಮಟ್ಟದಲ್ಲೇ, ಬಾಡಿಗೆಯೂ ಅವರಿಬ್ಬರ ಉಳಿತಾಯಕ್ಕೆ ಎಟುಕುವಷ್ಟು. ಸ್ಟೇಜ್ ಮಾತ್ರ ಚಿಕ್ಕದು. ಅಪ್ಪ ಅದರ ಅಳತೆಯನ್ನು ಫೋಟೊಗ್ರಾಫರ್‌ಗೆ ಕಳಿಸಿ, ಉತ್ತರಕ್ಕಾಗಿ ಇನ್ನೂ ಕಾಯುತ್ತಿದ್ದಾರೆ.