ಹಿಸೆಗೆ ಬಾರದ ವಸ್ತುಗಳು

ಒಡಹುಟ್ಟಿದವರು ಬೇರೆಯಾಗುವಾಗ ಹೊಲವನ್ನು ಎಕರೆ ಗುಂಟೆಗಳಲ್ಲಿ ಅಳೆಯುತ್ತಾರೆ. ಮನೆಯನ್ನು ಅಂಕಣಗಳಲ್ಲಿ ಎಣಿಸುತ್ತಾರೆ. ಬಂಗಾರವನ್ನು ತೊಲೆಯಲ್ಲಿ ತೂಗುತ್ತಾರೆ. ಊರ ಹಿರಿಯರು ನಾಲ್ವರು ಬಂದು ಕುಳಿತರೆ ಒಂದೆರಡು ದಿನಗಳಲ್ಲಿ ಈ ಕೆಲಸ ತೀರುತ್ತದೆ. ತೀರದಿದ್ದರೆ ಕೋರ್ಟು ಇದ್ದೇ ಇದೆ. ಆದರೆ ತಂದೆಯ ಕನ್ನಡಕ, ತಾಯಿಯ ಬೀಸುವ ಕಲ್ಲು, ಮನೆಯ ಮಕ್ಕಳೆಲ್ಲ ಮಲಗಿ ಬೆಳೆದ ತೊಟ್ಟಿಲು, ಇವುಗಳಿಗೆ ಅಳತೆ ಯಾವುದು, ತೂಕ ಯಾವುದು? ಹಿಸೆಯ ಕಾಗದದಲ್ಲಿ ಇವುಗಳ ಹೆಸರಿರುವುದಿಲ್ಲ. ಇವುಗಳಿಗಾಗಿ ಜಗಳವಾಡುವವರು ಕಡಿಮೆ. ಇವುಗಳನ್ನು ಎಸೆಯುವ ಧೈರ್ಯವುಳ್ಳವರು ಇನ್ನೂ ಕಡಿಮೆ. ಯಾರಿಗೂ ಬೇಡವಾಗಿ, ಯಾರಿಂದಲೂ ಬಿಡಲಾಗದೆ, ಅವು ಅಟ್ಟದ ಕತ್ತಲೆಯಲ್ಲಿ ಕುಳಿತಿರುತ್ತವೆ.

ನಮ್ಮ ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಹಳೆಯ ಮನೆಗಳಲ್ಲಿ ಈ ಪ್ರಶ್ನೆ ಇಷ್ಟು ತೀವ್ರವಾಗಿ ಏಳುತ್ತಿರಲಿಲ್ಲ. ಮಣ್ಣಿನ ಮಾಳಿಗೆಯ ಮನೆ, ಎರಡು ಮೊಳ ದಪ್ಪದ ಗೋಡೆ, ಗೋಡೆಗೆ ಗೂಡು, ಮಾಡ, ಅಡಿಗೆಮನೆಯಲ್ಲಿ ನೆಲುವು, ಜೋಳ ತುಂಬಿಡಲು ನೆಲದೊಳಗೆ ಹಗೇವು. ಎರೆಹೊಲದ ಒಕ್ಕಲುತನ ಎಷ್ಟನ್ನು ಬೆಳೆಯುತ್ತಿತ್ತೋ ಅಷ್ಟನ್ನೂ ಬಚ್ಚಿಡಬಲ್ಲ ಮನೆಗಳು ಅವು. ಒಂದು ವಸ್ತು ಕೆಲಸಕ್ಕೆ ಬಾರದಾದರೆ ಅದನ್ನು ಎಸೆಯಬೇಕೆಂಬ ನಿರ್ಬಂಧವೇ ಇರಲಿಲ್ಲ. ಹಿಂದಿನ ಕೋಣೆಗೆ ಸರಿಸಿದರೆ ಸಾಕಾಗಿತ್ತು. ಈಗ ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಸುಮ್ಮನಾಗಿದೆ. ಹಗೇವುಗಳನ್ನು ಮುಚ್ಚಿ ಮೇಲೆ ಫರಸಿ ಹಾಸಿದ್ದಾರೆ. ಮಕ್ಕಳು ಹುಬ್ಬಳ್ಳಿ, ಪುಣೆ, ಬೆಂಗಳೂರುಗಳ ಎರಡು ಕೋಣೆಯ ಮನೆಗಳಲ್ಲಿದ್ದಾರೆ. ಅಲ್ಲಿ ಮನುಷ್ಯರಿಗೇ ಸ್ಥಳ ಸಾಲದು. ಗತಿಸಿದವರ ಸಾಮಾನಿಗೆ ಎಲ್ಲಿಂದ ತಂದಾರು?

ತಾಯಿ ತೀರಿಕೊಂಡ ವರ್ಷದಲ್ಲಿ ಈ ಪ್ರಶ್ನೆ ನಮ್ಮ ಮನೆಗೂ ಬಂದಿತು. ಮಳೆಗೆ ಹಿತ್ತಿಲ ಗೋಡೆ ಕುಸಿದು, ಉಳಿದ ಮನೆಯನ್ನೂ ಇಳಿಸಬೇಕೆಂದು ನಿಶ್ಚಯವಾದ ಮೇಲೆ ಅಣ್ಣ, ಅಕ್ಕ, ನಾನು ಮೂವರೂ ಪಡಸಾಲೆಯಲ್ಲಿ ಕುಳಿತೆವು. ಒಳಗಿನಿಂದ ಒಂದೊಂದಾಗಿ ವಸ್ತುಗಳು ಹೊರಬಂದವು. ತಾಮ್ರದ ಹಂಡೆ, ಹಿತ್ತಾಳೆಯ ಕೊಡ, ಕಂಚಿನ ಗಂಗಾಳ, ತಂದೆಯ ಬೆಳ್ಳಿಕಟ್ಟಿನ ಕೋಲು, ಕಬ್ಬಿಣದ ಟ್ರಂಕಿನಲ್ಲಿ ತಾಯಿಯ ಹನ್ನೊಂದು ಸೀರೆ, ಒಂದು ಕುಂಚಿಗೆ, ಕಾಗದದ ಮೂರು ಗಂಟು. ಅಣ್ಣ ವ್ಯವಹಾರಸ್ಥ. "ನೋಡಪಾ, ಹಿತ್ತಾಳಿ ತಾಮ್ರ ತೂಕಕ್ಕ ಹಾಕೋಣು, ಉಳಿದದ್ದು ಯಾರಿಗೆ ಬೇಕೋ ಅವರು ಒಯ್ಯಲಿ" ಎಂದ. ಅವನ ಮಾತಿನಲ್ಲಿ ಕಠೋರತೆಯೇನೂ ಇರಲಿಲ್ಲ. ಅವನ ಮನೆಯನ್ನು ಬಲ್ಲವನಿಗೆ ಆ ಮಾತು ಅರ್ಥವಾಗುತ್ತದೆ. ಅಕ್ಕ ಬಹಳ ಹೊತ್ತು ಸುಮ್ಮನಿದ್ದು ಕಡೆಗೆ ಹೇಳಿದಳು: "ನನಗ ಎಲ್ಲಾ ಬೇಕು ತಮ್ಮಾ. ಆದ್ರ ಇಡಾಕ ನನ್ನದಂತ ಒಂದು ಮೂಲಿ ಎಲ್ಲೈತಿ?"

ಈ ಮಾತನ್ನು ನಾನು ಅನೇಕ ದಿನ ಮನಸ್ಸಿನಲ್ಲಿ ತಿರುವಿ ನೋಡಿದ್ದೇನೆ. ಹೆಣ್ಣುಮಕ್ಕಳು ತವರಿನ ವಸ್ತುವನ್ನು ಗಂಡುಮಕ್ಕಳಿಗಿಂತ ಹೆಚ್ಚು ನೆನೆಯುತ್ತಾರೆ. ಆದರೆ ಅದನ್ನು ಇಟ್ಟುಕೊಳ್ಳುವ ಜಾಗ ಅವರದಲ್ಲ. ಗಂಡನ ಮನೆಯಲ್ಲಿ ಅತ್ತೆಯ ಕಾಲದ ಹಂಡೆಯೇ ಇರುವಾಗ ತಾಯಿಯ ಹಂಡೆಗೆ ಸ್ಥಾನವೆಲ್ಲಿ? ತವರು ಮನೆ ನಿಂತಿರುವವರೆಗೆ ಅವರ ನೆನಪುಗಳೆಲ್ಲ ಅಲ್ಲಿ ಠೇವಣಿಯಾಗಿರುತ್ತವೆ. ಆ ಮನೆ ಇಳಿದ ದಿನ, ಯಾವುದನ್ನು ಇಡಬೇಕು ಯಾವುದನ್ನು ಬಿಡಬೇಕು ಎಂದು ಗಂಡುಮಕ್ಕಳು ಲೆಕ್ಕ ಹಾಕುತ್ತಿದ್ದರೆ, ಹೆಣ್ಣುಮಕ್ಕಳ ಠೇವಣಿಯೇ ಕರಗುತ್ತಿರುತ್ತದೆ. ಆದುದರಿಂದ ಇಂಥ ಸಂದರ್ಭದಲ್ಲಿ ಮೊದಲು ಕೇಳಬೇಕಾದದ್ದು ಮನೆಯಿಂದ ಹೊರಗೆ ಹೋದ ಮಗಳನ್ನು ಎಂದು ನನ್ನ ಎಣಿಕೆ. ನಾವು ಹಾಗೆಯೇ ಮಾಡಿದೆವು. ಅಕ್ಕ ಬೇಡಿದ್ದು ಕುಂಚಿಗೆ ಮತ್ತು ಸೀರೆಗಳನ್ನು. ಅಂಗೈಯಗಲದ ಆ ಖಣದ ಕುಂಚಿಗೆಯಲ್ಲಿ ನಾವು ಮೂವರೂ ನಮ್ಮ ಮೊದಲ ಚಳಿಗಾಲವನ್ನು ಕಳೆದಿದ್ದೆವು.

ಉಳಿದವುಗಳಲ್ಲಿ ಬಳಕೆಯ ಪಾತ್ರೆಗಳ ಪ್ರಶ್ನೆ ಸುಲಭ. ಪಾತ್ರೆಗೆ ಗೌರವ ಬರುವುದು ಅದರಲ್ಲಿ ನೀರು ಕಾದಾಗ, ಅನ್ನ ಬೆಂದಾಗ. ದಿನವೂ ತಿಕ್ಕಿ ಬೆಳಗುವ ಕೈಯಿರುವ ಮನೆಗೆ ಅದು ಹೋಗಲಿ. ಆ ಮನೆ ಸೋದರತ್ತೆಯದಾದರೂ ಸರಿ, ನೆರೆಯವರದಾದರೂ ಸರಿ. ತೊಟ್ಟಿಲಂತೂ ಯಾವ ಕಾಲಕ್ಕೂ ಒಂದೇ ಮನೆಯ ಸೊತ್ತಾಗಿ ನಿಂತದ್ದಿಲ್ಲ. ಓಣಿಯಲ್ಲಿ ಎಲ್ಲಿ ಕೂಸು ಹುಟ್ಟಿತೋ ಅಲ್ಲಿಗೆ ಅದು ನಡೆಯುತ್ತಿತ್ತು. ಗಾಜಿನ ಕಪಾಟಿನಲ್ಲಿ ನಿಂತ ಗಂಗಾಳಕ್ಕಿಂತ ಇನ್ನೊಬ್ಬರ ಪಂಕ್ತಿಯಲ್ಲಿ ರೊಟ್ಟಿ ಹೊತ್ತ ಗಂಗಾಳವೇ ತಾಯಿಯ ಹೆಸರನ್ನು ಹೆಚ್ಚು ಉಳಿಸೀತು.

ಕಾಗದಗಳ ವಿಷಯ ಹಾಗಲ್ಲ. ಇಲ್ಲಿ ಅವಸರ ಕೂಡದು. ಕನ್ನಡವನ್ನು ಕಲಿಸಿ ಹೊಟ್ಟೆ ಹೊರೆಯುವ ನಾನು ಇದನ್ನು ಒತ್ತಿ ಹೇಳಲೇಬೇಕು. ಇಂದು ನಾವು ತರಗತಿಗಳಲ್ಲಿ ಓದಿಸುವ ವಚನಗಳು ಎಲ್ಲಿದ್ದವು? ಮಠಗಳಲ್ಲಿ, ಮತ್ತು ಭಕ್ತರ ಮನೆಗಳ ದೇವರ ಜಗಲಿಯ ಮೇಲೆ, ಬಟ್ಟೆಯಲ್ಲಿ ಸುತ್ತಿದ ತಾಳೆಗರಿಯ ಕಟ್ಟುಗಳಾಗಿ. ಪೂಜೆಗೆ ಪಾತ್ರವಾಗಿದ್ದರೂ ಅನೇಕ ಮನೆಗಳಲ್ಲಿ ಅವನ್ನು ಬಿಚ್ಚಿ ಓದುವವರು ಉಳಿದಿರಲಿಲ್ಲ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಅವನ್ನು ಬಿಚ್ಚಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ಇತರರ ಮನೆಗಳು ಉಳಿಸಿದ್ದನ್ನು ಅಚ್ಚು ಹಾಕಲು ತಮ್ಮ ಮನೆಯನ್ನು ಬಿಟ್ಟ ಆ ಮಹನೀಯರ ಬಾಳಿನಲ್ಲಿ ಇಡುವುದು ಬಿಡುವುದು ಎರಡರ ಪಾಠವೂ ಇದೆ. ಆ ಕಟ್ಟುಗಳನ್ನು ಯಾವುದೋ ತಲೆಮಾರು 'ಹಳೆಯ ಗರಿ' ಎಂದು ಒಲೆಗೆ ಒಡ್ಡಿದ್ದರೆ ನಾವು ಏನನ್ನು ಕಳೆದುಕೊಳ್ಳುತ್ತಿದ್ದೆವೆಂಬುದನ್ನು ವಾಚಕರೇ ಊಹಿಸಬಹುದು.

ಪ್ರತಿಯೊಂದು ಗಂಟಿನಲ್ಲಿಯೂ ವಚನ ಸಿಗುವುದಿಲ್ಲ, ನಿಜ. ನಮ್ಮ ಗಂಟುಗಳಲ್ಲಿ ಇದ್ದವು ಹತ್ತಿಯ ಅಡತಿ ಲೆಕ್ಕ, ಸಾಲದ ಚೀಟಿ, ಮೋಡಿ ಲಿಪಿಯ ಕೆಲವು ಹಾಳೆ, ಬೀಗರ ಪತ್ರ. ಆದರೂ ಓದದೆ ಹರಿಯಲಾಗದು. ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಈ ಸೀಮೆಯಲ್ಲಿ ಕನ್ನಡ ಮಾತನಾಡುವ ಮನೆಯ ಕಾಗದವೂ ಮೋಡಿಯಲ್ಲಿ ಇರುವುದುಂಟು; ಓದಲು ಬಾರದ ಕಾರಣಕ್ಕೇ ಅದು ಮೊದಲು ಕಸಕ್ಕೆ ಹೋಗುತ್ತದೆ. ಇಂಥದು ಸಿಕ್ಕವರು ಬಲ್ಲವರಿಗೆ ಒಮ್ಮೆ ತೋರಿಸಬೇಕು. 1939ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಕನ್ನಡ ಸಂಶೋಧನ ಸಂಸ್ಥೆಯಂತಹವು ಹುಟ್ಟಿದ್ದೇ ನಾಡಿನ ಹಳೆಯ ಬರೆಹ, ವಸ್ತುಗಳನ್ನು ಕಾಯುವುದಕ್ಕಾಗಿ. ಕುಕನೂರಿನ ಕಮಲ ಮಹಲನ್ನು ವಿಜಯನಾಥ ಶೆಣೈಯವರು ಕಂಬ ಕಂಬವಾಗಿ ಒಯ್ದು ಮಣಿಪಾಲದಲ್ಲಿ ಮತ್ತೆ ಎತ್ತಿ ನಿಲ್ಲಿಸಿದ್ದಾರೆ. ರಾಮನಗರದ ಬಳಿಯ ಜಾನಪದ ಲೋಕದಲ್ಲಿ ಎಚ್. ಎಲ್. ನಾಗೇಗೌಡರು ಒಕ್ಕಲು ಮನೆಗಳ ಉಪಕರಣಗಳನ್ನು ಕೂಡಿಸಿಟ್ಟಿದ್ದಾರೆ. ಆದರೆ ವಸ್ತುಸಂಗ್ರಹಾಲಯ ಎಲ್ಲರ ಅಜ್ಜಿಯ ಒಳಕಲ್ಲನ್ನು ಹೊರಲಾರದು. ಅಲ್ಲಿ ಒಂದು ಒಳಕಲ್ಲು ನಾಡಿನ ಎಲ್ಲ ಒಳಕಲ್ಲುಗಳ ಪರವಾಗಿ ನಿಂತಿರುತ್ತದೆ. ನಮ್ಮದನ್ನು ಕುರಿತು ನಾವೇ ನಿರ್ಧರಿಸಬೇಕು.

ಹಾಗೆ ನಿರ್ಧರಿಸುವ ಜಾಣ್ಮೆ ನಮ್ಮ ಹಿರಿಯರಿಗೆ ಇತ್ತು. ಸಾವಿನ ಸುದ್ದಿ ಹೊತ್ತ ಕಾರ್ಡನ್ನು ಓದಿದ ಕೂಡಲೇ ಹರಿದುಹಾಕುತ್ತಿದ್ದರು. ಅದು ಮನೆಯಲ್ಲಿ ಇರಕೂಡದು. ಅರಿಸಿನ ಹಚ್ಚಿದ ಲಗ್ನಪತ್ರಿಕೆ ಮಾತ್ರ ತಂತಿಯ ಕೊಕ್ಕೆಯಲ್ಲಿ ವರ್ಷಗಟ್ಟಲೆ ತೂಗುತ್ತಿತ್ತು. ಮುಕ್ಕಾದ ದೇವರ ಮೂರ್ತಿಯನ್ನು ಹೊಳೆಗೆ ಬಿಡುತ್ತಿದ್ದರು. ಮಣ್ಣೆತ್ತಿನ ಅಮಾವಾಸ್ಯೆಗೆ ಹಸಿ ಮಣ್ಣಿನಲ್ಲಿ ಎತ್ತು ಮಾಡಿ, ಕೊಂಬಿಗೆ ಬಣ್ಣ ಹಚ್ಚಿ, ಪೂಜಿಸಿ, ಬಳಿಕ ನೀರಿಗೆ ಬಿಡುವುದನ್ನು ಇಲ್ಲಿಯ ಮಕ್ಕಳು ಇಂದಿಗೂ ಕಲಿಯುತ್ತಾರೆ. ಕೈಯಾರೆ ಮಾಡಿದ್ದನ್ನು ಕೈಯಾರೆ ಬಿಡುವ ಅಭ್ಯಾಸ ಅದು. ಬಿಡುವುದಕ್ಕೂ ಒಂದು ವಿಧಿಯಿದ್ದರೆ ಬಿಟ್ಟ ನೋವು ಕಡಿಮೆಯಾಗುತ್ತದೆ. ಇಂದಿನ ನಮ್ಮ ಕಷ್ಟ ಬಹುಮಟ್ಟಿಗೆ ಇದೇ. ವಸ್ತುಗಳು ಹೆಚ್ಚಿವೆ, ಅವನ್ನು ಗೌರವದಿಂದ ಕಳಿಸಿಕೊಡುವ ವಿಧಿ ಮರೆತುಹೋಗಿದೆ.

ಉಟ್ಟ ಬಟ್ಟೆಯ ಮಟ್ಟಿಗಂತೂ ಈ ಸೀಮೆ ಒಂದು ಪೂರ್ಣವಾದ ಉತ್ತರವನ್ನೇ ಕಂಡುಕೊಂಡಿದೆ. ಅದು ಕೌದಿ. ಇಳಕಲ್ಲ ಸೀರೆಯಿರಲಿ, ಗಜೇಂದ್ರಗಡದ ಕೈಮಗ್ಗದ ಪಟ್ಟೆದಂಚಿನ ಸೀರೆಯಿರಲಿ, ನೂರಾರು ಸಲ ಒಗೆದು ಮೆತ್ತಗಾದ ಮೇಲೆಯೇ ಅದು ಕೌದಿಗೆ ಯೋಗ್ಯ. ಹೊಸ ಬಟ್ಟೆ ಬಿರುಸು. ಸೂಜಿಗೂ ಒಗ್ಗದು, ಮೈಗೂ ಒಗ್ಗದು. ಒಳಗೆ ಹಳೆಯ ಸೀರೆ ಧೋತರಗಳ ಪದರ, ಮೇಲೆ ಬಣ್ಣ ಬಣ್ಣದ ತುಂಡು, ಅಂಚಿನಿಂದ ನಡುವಿನವರೆಗೆ ಸಾಲುಸಾಲಾಗಿ ಓಡುವ ದಾರ. ಬೇಸಗೆಯ ಮಧ್ಯಾಹ್ನಗಳಲ್ಲಿ ನಾಲ್ಕು ಜನ ಹೆಂಗಸರು ನಾಲ್ಕು ಕಡೆ ಕುಳಿತು ಹೊಲಿಯುವಾಗ ಪ್ರತಿ ತುಂಡಿನ ಚರಿತ್ರೆಯೂ ಹೊರಬೀಳುತ್ತದೆ. ಇದು ಸೀಮಂತದ್ದು, ಇದು ಬರಗಾಲದಲ್ಲಿ ಉದ್ದರಿ ತಂದದ್ದು, ಇದು ಎಲ್ಲಮ್ಮನ ಗುಡ್ಡಕ್ಕೆ ಉಟ್ಟು ಹೋದದ್ದು. ಕಡೆಯ ಮೂಲೆಯನ್ನು ಮುಚ್ಚುವಾಗ, ಬರಿಹೊಟ್ಟೆಯಲ್ಲಿ ಕಳಿಸಬಾರದೆಂದು, ನಮ್ಮ ಮನೆಯಲ್ಲಿ ಹೋಳಿಗೆಯ ಒಂದು ಚೂರನ್ನು ಒಳಗಿಡುತ್ತಿದ್ದರು.

ಕೌದಿಯಲ್ಲಿ ಯಾವ ಸೀರೆಯೂ ಇಡಿಯಾಗಿ ಉಳಿದಿರುವುದಿಲ್ಲ. ಆದರೆ ಯಾವುದೂ ಕಳೆದುಹೋಗಿರುವುದಿಲ್ಲ. ಅಕ್ಕ ಆ ಹನ್ನೊಂದು ಸೀರೆಗಳಲ್ಲಿ ಎರಡನ್ನು ಉಡಲು ಇಟ್ಟುಕೊಂಡು, ಒಂಬತ್ತರಲ್ಲಿ ಮೂರು ಕೌದಿ ಹೊಲಿಸಿದಳು. ಮನೆಗೊಂದು. ಅಣ್ಣನ ಎರಡು ಕೋಣೆಯ ಮನೆಯಲ್ಲಿಯೂ ಕೌದಿಗೆ ಜಾಗ ಸಿಕ್ಕಿತು. ಅದನ್ನು ಅವನ ಮೊಮ್ಮಗು ಹೊದ್ದುಕೊಳ್ಳುತ್ತದೆ.

ಇಷ್ಟೆಲ್ಲ ವಿಚಾರ ಮಾಡುವ ಬಿಡುವು ಎಲ್ಲರಿಗೂ ದೊರೆಯುವುದಿಲ್ಲ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಹಿಡಿದ ಮಳೆಗೆ ಮಲಪ್ರಭೆ ಮತ್ತು ಬೆಣ್ಣಿಹಳ್ಳಗಳು ಉಕ್ಕಿ ರೋಣ, ನರಗುಂದ ಭಾಗದ ಹೊಳೆದಂಡೆಯ ಹಳ್ಳಿಗಳನ್ನು ಹೊಕ್ಕವು. 2019ರ ಆಗಸ್ಟ್‌ನಲ್ಲಿ ಮತ್ತೆ ಹೊಕ್ಕವು. ಮಣ್ಣಿನ ಮಾಳಿಗೆಗಳು ನೀರಿನಲ್ಲಿ ನೆನೆದು ಕುಳಿತುಬಿಟ್ಟವು. ಆ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳನ್ನು ಕೇಳಿದ್ದೇನೆ. ಕೂಸು, ಮುದುಕರು, ದನ, ಹೊಲದ ಉತಾರ, ಜಗಲಿಯ ದೇವರು, ಇಷ್ಟು ಕೈಗೆ ಬಂದವು ಎನ್ನುತ್ತಾರೆ. ಸತ್ತ ತಂದೆಯ ಒಂದೇ ಒಂದು ಫೋಟೋ ಗೋಡೆಯ ಮೇಲೆಯೇ ಉಳಿಯಿತು ಎಂದು ಹೇಳಿದ ಹುಡುಗಿಯ ಮುಖ ನನಗೆ ಮರೆಯದು. ತಂದೆಯ ಮುಖ ಹೇಗಿತ್ತೆಂದು ಅವಳೀಗ ದೊಡ್ಡಮ್ಮನನ್ನು ಕೇಳಿ ತಿಳಿಯಬೇಕು. 2009ರ ಬಳಿಕ 'ಆಸರೆ' ಯೋಜನೆಯಲ್ಲಿ ಎತ್ತರದ ನೆಲದ ಮೇಲೆ ಹೊಸ ಮನೆಗಳೆದ್ದವು. ಆದರೆ ದನಕ್ಕೂ ಕಾಳಿಗೂ ಒಗ್ಗಿದ ದೊಡ್ಡ ಮನೆಯಿಂದ ಬಂದವರಿಗೆ ಅವು ಸಣ್ಣವಾದವು. ಹೊಳೆ ಉಳಿಸಿದ್ದರಲ್ಲಿಯೂ ಮತ್ತೆ ಆರಿಸಬೇಕಾಯಿತು.

ಆದುದರಿಂದ ತಾವಾಗಿ ಕುಳಿತು ಆರಿಸುವ ಅವಕಾಶ ಸಿಕ್ಕವರು ಅದನ್ನು ಭಾಗ್ಯವೆಂದೇ ತಿಳಿಯಬೇಕು. ಆ ಅವಕಾಶವನ್ನು ಹಿರಿಯರು ಬದುಕಿರುವಾಗಲೇ ಬಳಸುವುದು ಮೇಲು. ಒಂದು ವಸ್ತುವನ್ನು ನೆನಪಿನ ವಸ್ತುವಾಗಿ ಮಾಡುವುದು ಅದರ ಲೋಹವೂ ಅಲ್ಲ, ಅದರ ವಯಸ್ಸೂ ಅಲ್ಲ. ಅದನ್ನು ಕುರಿತು ಹೇಳಬಲ್ಲ ಒಂದು ಬಾಯಿ. ಹೇಳುವವರು ಹೋದರೆ ಬುಗುಡಿ ಬರಿಯ ಬಂಗಾರ. ಕೋಲು ಬರಿಯ ಕಟ್ಟಿಗೆ. ತೂಕದ ಅಂಗಡಿಯವನು ತಪ್ಪಾಗಿ ಬೆಲೆ ಕಟ್ಟುವುದಿಲ್ಲ; ಕಥೆ ತಿಳಿಯದ ವಸ್ತುವಿಗೆ ಇರುವ ಬೆಲೆ ಅಷ್ಟೇ. ಈ ವಸ್ತು ಯಾರದು, ಯಾವಾಗ ಬಂದಿತು, ಯಾರು ಬಳಸಿದರು ಎಂದು ಮನೆಯ ಮುದುಕಿಯನ್ನು ಕೇಳಿ ಒಂದು ಹಾಳೆಯಲ್ಲಿ ಬರೆದಿಟ್ಟರೆ, ಮುಂದೆ ವಸ್ತುವನ್ನು ಬಿಡಬೇಕಾಗಿ ಬಂದರೂ ಅರ್ಧವಾದರೂ ಉಳಿದಂತೆಯೇ. ಬರೆಯಲು ಏನೂ ಸಿಗದ ವಸ್ತುವನ್ನು ನಿಶ್ಚಿಂತೆಯಿಂದ ಕಳಿಸಿಕೊಡಬಹುದು.

ಬರುವ ರವಿವಾರ ಬಿಡುವಿರುವ ವಾಚಕರು ತಮ್ಮ ಮನೆಯ ಹಿರಿಯರೊಡನೆ ಒಂದು ಟ್ರಂಕನ್ನು ತೆರೆದು ಕೂಡಲಿ. ಮೊದಲು ಕೇಳಲಿ, ಬಳಿಕ ಬರೆಯಲಿ, ಇಡುವ ಬಿಡುವ ಮಾತು ಆಮೇಲೆ ಬರಲಿ. ಕೇಳುವ ಕೆಲಸವನ್ನು ಮಾತ್ರ ಮುಂದಕ್ಕೆ ಹಾಕುವಂತಿಲ್ಲ.